ರಶ್ ಇರೋ ಟೂರಿಸ್ಟ್ ಜಾಗದಲ್ಲಿ ಒಳ್ಳೆ ಫೋಟೋ ತೆಗೆಯೋದು ಹೇಗೆ

ಫೇಮಸ್ ಜಾಗ ಅಂದ್ಮೇಲೆ ಜನ ಇದ್ದೇ ಇರ್ತಾರೆ, ಅವರೂ ನಮ್ಮ ಹಾಗೇ ಟಿಕೆಟ್ ತಗೊಂಡು ಬಂದಿರೋರು, ಗೊಣಗಿ ಪ್ರಯೋಜನ ಇಲ್ಲ. ಕ್ಯಾಮೆರಾ ಎತ್ತೋಕೆ ಮುಂಚೆ ಒಂದು ತೀರ್ಮಾನ ಮಾಡ್ಕೊಳ್ಳಿ, ಈ ಫೋಟೋದಲ್ಲಿ ಜನ ಬೇಕಾ ಬೇಡ್ವಾ? ಎರಡೂ ಸರಿನೇ, ಅರ್ಧಂಬರ್ಧ ಮಾತ್ರ ಬೇಡ. ಅಂಚಲ್ಲಿ ಯಾರದೋ ಮೊಣಕೈ, ಕೆಳಗೆ ಒಂದು ಟೋಪಿ, ಪಕ್ಕದಲ್ಲಿ ಸೆಲ್ಫಿ ಸ್ಟಿಕ್, ಫೋಟೋ ಕೆಡೋದು ಇಂಥದ್ರಿಂದ, ಸಾವಿರ ಜನ ಇದ್ದಾರೆ ಅಂತ ಅಲ್ಲ.

ಜನ ಬೇಡ ಅಂದ್ರೆ ಬೆಳಿಗ್ಗೆ ಬೇಗ ಹೋಗಿ. ಎಲ್ಲರೂ ಹೇಳೋ ಸಲಹೆನೇ, ಆದ್ರೆ ಇದನ್ನ ಮೀರಿಸೋದು ಇನ್ನೊಂದಿಲ್ಲ, ಬೆಳಕೂ ಆಗ್ಲೇ ಚೆನ್ನಾಗಿರತ್ತೆ. ತಾಜ್ ಮಹಲ್ ಗೇಟನ್ನ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆನೇ ತೆಗೀತಾರೆ, ಶುಕ್ರವಾರ ಪ್ರವಾಸಿಗರಿಗೆ ರಜೆ. ಇಂಥ ವಿಷಯ, ಜೊತೆಗೆ ಟ್ರೈಪಾಡ್ ಬಿಡ್ತಾರಾ ಇಲ್ವಾ ಅನ್ನೋದನ್ನ ಹಿಂದಿನ ರಾತ್ರಿನೇ ನೋಡಿಟ್ಕೊಳ್ಳಿ. ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್ ಒಳಗೆ ಫೋಟೋನೇ ತೆಗೆಯೋ ಹಾಗಿಲ್ಲ, ಅಲ್ಲಿ ಕದ್ದು ತೆಗೆಯೋಕೆ ಹೋಗಿ ಬೈಸ್ಕೊಳ್ಳೋ ಬದ್ಲು ತಲೆ ಎತ್ತಿ ಚಾವಣಿ ಮೇಲಿನ ಚಿತ್ರಗಳನ್ನ ನೋಡ್ಕೊಂಡು ಬನ್ನಿ.

ಬೇಗ ಹೋಗೋಕೆ ಆಗ್ಲಿಲ್ವಾ, ಹಾಗಾದ್ರೆ ಕಾಯಿರಿ. ಟೂರ್ ಗ್ರೂಪ್‌ನವ್ರು ಗುಂಪಾಗೇ ಬರ್ತಾರೆ, ಗೈಡ್ ಮಾತು ಮುಗಿಸಿ ಮುಂದೆ ಕರ್ಕೊಂಡು ಹೋದ್ಮೇಲೆ ಇನ್ನೊಂದು ಗುಂಪು ಬರೋವರೆಗೆ ಒಂದು ಸಣ್ಣ ಗ್ಯಾಪ್ ಸಿಗತ್ತೆ. ಗ್ಯಾಪ್ ಕಂಡ ಮೇಲೆ ಜೇಬಿಂದ ಫೋನ್ ತೆಗೆದ್ರೆ ಕೆಲಸ ಕೆಟ್ಟಂಗೇ. ಫ್ರೇಮ್ ಹೊಂದಿಸ್ಕೊಂಡು, ಸ್ಕ್ರೀನ್ ಮೇಲೆ ಕಟ್ಟಡವನ್ನ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ ರೆಡಿ ಇಟ್ಕೊಳ್ಳಿ.

ನಿಲ್ಲೋ ಜಾಗನೂ ಬದಲಾಯಿಸಿ ನೋಡಿ. ಕೆಳಗೆ ಕೂತ್ರೆ ಮುಂದಿರೋ ಗಿಡನೋ ಮೆಟ್ಟಿಲೋ ಅರ್ಧ ಗುಂಪನ್ನ ಮುಚ್ಚಿಬಿಡತ್ತೆ. ವೈಡ್ ಲೆನ್ಸ್ ಹಾಕಿದ್ರೆ ಕಟ್ಟಡದ ಜೊತೆ ಅಕ್ಕಪಕ್ಕದವ್ರೆಲ್ಲಾ ಬರ್ತಾರೆ, ಅಂಚಲ್ಲಿರೋರ ಮುಖ ಬೇರೆ ಎಳ್ಕೊಂಡಂಗೆ ಕಾಣತ್ತೆ. ಹಿಂದೆ ಹೋಗಿ 2x ಅಥವಾ 3x ಜೂಮ್ ಇಟ್ಟು ಬರೀ ಕಮಾನು, ಗೋಪುರ ಹಿಡೀರಿ, ತಲೆಗಳೆಲ್ಲಾ ಫ್ರೇಮಿಂದ ಆಚೆ.

ಇನ್ನೊಂದು ದಾರಿ ಲಾಂಗ್ ಎಕ್ಸ್‌ಪೋಶರ್, ಅಂದ್ರೆ ಕ್ಯಾಮೆರಾದ ಶಟರನ್ನ ತುಂಬಾ ಹೊತ್ತು ತೆರೆದಿಟ್ಟು ಬೆಳಕು ಬಿಡೋದು, ನನಗೆ ತುಂಬಾ ಇಷ್ಟ. 1838ರಲ್ಲಿ ಫೋಟೋಗ್ರಫಿ ಕಂಡುಹಿಡಿದವರಲ್ಲಿ ಒಬ್ಬನಾದ ಲೂಯಿ ಡಾಗೇರ್ ಪ್ಯಾರಿಸ್‌ನ ಒಂದು ಬೀದಿ ಫೋಟೋ ತೆಗೆದ, ಗಾಡಿ ಜನ ಎಲ್ಲಾ ಓಡಾಡ್ತಿದ್ದ ಬೀದಿ, ಆದ್ರೆ ಎಕ್ಸ್‌ಪೋಶರ್ ಹಲವು ನಿಮಿಷದ್ದಾಗಿದ್ರಿಂದ ಓಡಾಡೋರು ಯಾರೂ ಬೀಳಲೇ ಇಲ್ಲ, ಬೂಟ್ ಪಾಲಿಶ್ ಮಾಡಿಸ್ಕೊಳ್ತಾ ಒಂದೇ ಕಡೆ ನಿಂತಿದ್ದವನು ಮಾತ್ರ ಉಳ್ಕೊಂಡ. ಈಗ್ಲೂ ಲೆಕ್ಕ ಅದೇ. ಲೆನ್ಸ್ ಮುಂದೆ 10 ಸ್ಟಾಪ್ ಎನ್‌ಡಿ ಫಿಲ್ಟರ್, ಅಂದ್ರೆ ಬೆಳಕನ್ನ ಸುಮಾರು ಸಾವಿರದಲ್ಲಿ ಒಂದು ಪಾಲಿಗೆ ಇಳಿಸೋ ಕಪ್ಪು ಗಾಜು, ಹಾಕಿದ್ರೆ 1/30 ಸೆಕೆಂಡಿನ ಶಟರ್ 30 ಸೆಕೆಂಡ್ ದಾಟತ್ತೆ, ನಡೆಯೋರು ಕರಗಿ ಹೋಗ್ತಾರೆ, ಬೆಂಚ್ ಮೇಲೆ ಕೂತಿರೋ ಪುಣ್ಯಾತ್ಮ ಮಾತ್ರ ಹೋಗಲ್ಲ. ಫಿಲ್ಟರ್ ಇಲ್ಲ ಅಂದ್ರೆ ಕ್ಯಾಮೆರಾ ಅಲ್ಲಾಡದಂಗೆ ಇಟ್ಟು ಬಿಟ್ಟು ಬಿಟ್ಟು ಹತ್ತು ಹದಿನೈದು ಫೋಟೋ ತೆಗೆದು, ಆಮೇಲೆ ಫೋಟೋಶಾಪ್‌ನಲ್ಲಿ ಎಲ್ಲಾ ಒಂದರ ಮೇಲೊಂದು ಪೇರಿಸಿ ಮೀಡಿಯನ್ (ಪ್ರತಿ ಜಾಗದಲ್ಲೂ ನಡುವಿನ ಬೆಲೆ ಮಾತ್ರ ಉಳಿಸ್ಕೊಳ್ಳೋ ಆಯ್ಕೆ) ಹಾಕಿ, ಒಂದೊಂದರಲ್ಲಿ ಒಂದೊಂದು ಕಡೆ ಇದ್ದವ್ರೆಲ್ಲಾ ಮಾಯ.

ಇನ್ನು ಜನ ಬೇಕು ಅಂದ್ರೆ ಧೈರ್ಯವಾಗಿ ತುಂಬಿಸಿ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿರೋ ಮೋನಾಲಿಸಾ ಚಿತ್ರ ಬರೀ 77 x 53 ಸೆಂ.ಮೀ., ದೂರದಿಂದ ಅದನ್ನ ಜೂಮ್ ಮಾಡಿ ಮಸುಕಾಗಿ ತೆಗೆಯೋದಕ್ಕಿಂತ ಅದರ ಮುಂದೆ ಎತ್ತಿ ಹಿಡಿದಿರೋ ಆ ಫೋನ್‌ಗಳ ಫೋಟೋನೇ ಮಜಾ ಇರತ್ತೆ. ಗುಂಪಲ್ಲಿ ಕಣ್ಣು ನಿಲ್ಲೋಕೆ ಒಂದು ಜಾಗ ಮಾತ್ರ ಬೇಕು, ಕೆಂಪು ಕೊಡೆ ಹಿಡಿದವರೋ, ಎಲ್ಲರೂ ಮುಂದೆ ನೋಡ್ತಿರುವಾಗ ಒಬ್ಬರೇ ಹಿಂದೆ ತಿರುಗಿದವರೋ. ಅಪರಿಚಿತರ ಮುಖ, ಅದ್ರಲ್ಲೂ ಮಕ್ಕಳದ್ದು, ಹತ್ತಿರದಿಂದ ತೆಗೆಯೋದಾದ್ರೆ ಕೇಳಿ ತೆಗೀರಿ.

ಫೋನಿನ ಎರೇಸರ್ ಟೂಲ್ ಕೊನೆಗೆ ಇದ್ದೇ ಇದೆ. ಆಕಾಶ, ಹುಲ್ಲು, ಮರಳಿನ ಮೇಲೆ ನಿಂತಿರೋ ಒಬ್ಬಿಬ್ಬರನ್ನ ನೀಟಾಗಿ ಅಳಿಸತ್ತೆ. ಕೆತ್ತನೆ ಇರೋ ಗೋಡೆ ಮುಂದೆ ನಿಂತವ್ರನ್ನ ಅಳಿಸೋಕೆ ಹೋದ್ರೆ ಆ ಕೆತ್ತನೆನ ಅದೇ ಊಹಿಸಿ ಏನೋ ಒಂದು ಗೀಚಿಡತ್ತೆ, ಝೂಮ್ ಮಾಡಿದ್ರೆ ಗೊತ್ತಾಗಿಬಿಡತ್ತೆ, ಅಂಥ ಕಡೆ ಆ ವ್ಯಕ್ತಿ ಪಕ್ಕಕ್ಕೆ ಸರಿಯೋವರೆಗೆ ಇನ್ನೊಂದು ನಿಮಿಷ ಕಾಯಿರಿ.