ಬಾಣಂತಿ ಕೋಣೆಗೆ ಅಳಿಯ ಹೋಗುವುದು ಹೇಗೆ?

ಬಾಗಲಕೋಟೆ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಾರ್ಡುಗಳಲ್ಲಿ 22 ವರ್ಷ ನರ್ಸ್ ಆಗಿದ್ದೆ. ಬಸುರಿಯನ್ನು ಕರಕೊಂಡು ಬಂದ ಗಂಡನಿಗೆ ನನ್ನ ಮೊದಲ ಪ್ರಶ್ನೆ ಒಂದೇ: “ಎಷ್ಟರಾಗ ಅದಾಳಪಾ?” ಅವನು ಹಿಂದೆ ತಿರುಗಿ ಅವ್ವನ ಮುಖ ನೋಡುತ್ತಿದ್ದ. ಉತ್ತರ ಅವ್ವ ಕೊಡುತ್ತಿದ್ದಳು. ಇವರೇನು ಕೆಟ್ಟವರಲ್ಲ. ಗಾಡಿ ಮಾಡಿಕೊಂಡು ಬರುತ್ತಿದ್ದರು, ಹಣ್ಣು ತರುತ್ತಿದ್ದರು, ರಾತ್ರಿಯಿಡೀ ಆಸ್ಪತ್ರೆ ಅಂಗಳದ ಬೇವಿನ ಗಿಡದ ಕೆಳಗೆ ಕೂತು ಬೀಡಿ ಸುಡುತ್ತಿದ್ದರು. ಮಾಡುವುದೇನು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಈಗ ನಾನು ಹೇಳುತ್ತೇನೆ.

1. ತಾಯಿ ಕಾರ್ಡ್ ಓದಿ

ಮೂರು ತಿಂಗಳು ತುಂಬುವುದರೊಳಗೆ ಆಶಾ ಕಾರ್ಯಕರ್ತೆಯ ಹತ್ತಿರ ಹೆಸರು ಬರೆಸಿ. ಕಾರ್ಡನ್ನು ದೇವರ ಜಗಲಿ ಮೇಲೆ ಇಟ್ಟು ಕೈಮುಗಿಯಬೇಡಿ, ತೆಗೆದು ಓದಿ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ಅವತ್ತೇ ದೊಡ್ಡ ಆಸ್ಪತ್ರೆ. ಬಿಪಿ 140/90 ಮುಟ್ಟಿದರೆ ಸುಮ್ಮನಿರುವ ಹಾಗಿಲ್ಲ. ಪ್ರತಿ ಪುಟದ ಫೋಟೊ ಮೊಬೈಲಿನಲ್ಲಿರಲಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತದೆ. ಆ ದಿನ ಸಂತೆ ಬಿಡಿ, ಜೊತೆಗೆ ಹೋಗಿ.

2. ಗುಳಿಗೆ ನಿಮ್ಮ ಕೈಯಿಂದ ಹೋಗಲಿ

ಒಬ್ಬಳ ಹಿಮೋಗ್ಲೋಬಿನ್ ಎಷ್ಟು ತಿಂಗಳಾದರೂ ಏರಲಿಲ್ಲ. ಮನೆಗೆ ಹೋಗಿ ನೋಡಿದರೆ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಕೆಂಪು ಗುಳಿಗೆಯ ಪಟ್ಟಿಗಳು ಇದ್ದ ಹಾಗೇ ಇದ್ದವು. “ಕೂಸು ಕರ್ರಗ ಆಗತೈತಿ ಅಂದ್ರು ನಮ್ಮತ್ತಿ” ಅಂದಳು. ಕಬ್ಬಿಣದ ಗುಳಿಗೆಯಿಂದ ಕರ್ರಗಾಗುವುದು ಮಲ, ಕೂಸಲ್ಲ. ಈ ಮಾತನ್ನು ಮನೆಯಲ್ಲಿ ಹೇಳಬೇಕಾದವರು ನೀವು, ಯಾಕೆಂದರೆ ನಿಮ್ಮ ಅವ್ವ ಸೊಸೆಯ ಮಾತು ಕೇಳುವುದಿಲ್ಲ.

ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ಗುಳಿಗೆ, ಹೆರಿಗೆಯಾದ ಮೇಲೆ ಮತ್ತೆ 180. ರಾತ್ರಿ ಊಟವಾಗಿ ಸ್ವಲ್ಪ ಹೊತ್ತು ಬಿಟ್ಟು ಲಿಂಬೆಹಣ್ಣಿನ ನೀರಿನ ಜೊತೆ ಕೊಡಿ. ಚಹಾದ ಜೊತೆ ಬೇಡವೇ ಬೇಡ, ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಕ್ಯಾಲ್ಸಿಯಂ ಗುಳಿಗೆಯನ್ನೂ ಇದರ ಜೊತೆ ನುಂಗಿಸಬೇಡಿ, ಎರಡು ತಾಸು ಅಂತರವಿರಲಿ. ಬಣ್ಣದ ಡಬ್ಬಿಯ ಪ್ರೋಟೀನ್ ಪುಡಿಗೆ ದುಡ್ಡು ಸುರಿಯುವ ಬದಲು ಹೆಸರುಕಾಳು, ಶೇಂಗಾ, ಮೊಟ್ಟೆ, ಮೆಂತೆಪಲ್ಯ ತನ್ನಿ. “ಗಂಡು ಆಗೋ ಔಷಧ” ಮಾರುವವನು ಕಂಡರೆ ಓಡಿಸಿ. ಹೆಣ್ಣೋ ಗಂಡೋ ಅನ್ನುವುದು ನಿಮ್ಮ ಬೀಜದಲ್ಲೇ ತೀರ್ಮಾನವಾಗಿ ಹೋಗಿದೆ.

3. ಎಂಟನೇ ತಿಂಗಳಲ್ಲಿ ಗಾಡಿ, ರಕ್ತ

108 ಇದೆ, ಖರೆ. ಆದರೆ ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ತುಂಬ ನಿಂತಿರುತ್ತವೆ. ಊರಿನ ಇಬ್ಬರು ಗಾಡಿಯವರ ನಂಬರ್ ಇಟ್ಟುಕೊಳ್ಳಿ. ಆಕೆಯ ರಕ್ತದ ಗುಂಪಿನ ಇಬ್ಬರು ಗೆಳೆಯರಿಗೆ ಮೊದಲೇ ಹೇಳಿಟ್ಟಿರಿ. “ನನ್ನ ರಕ್ತಾನ ಹಾಕ್ರಿ” ಅಂತ ಗಂಡಂದಿರು ತೋಳು ಚಾಚುತ್ತಾರೆ. ಗಂಡನ ರಕ್ತವನ್ನು ಹೆಂಡತಿಗೆ ಹಾಕುವುದನ್ನು ಡಾಕ್ಟರು ಆದಷ್ಟು ತಪ್ಪಿಸುತ್ತಾರೆ, ಮುಂದಿನ ಬಸಿರಿಗೆ ತೊಂದರೆಯಾಗಬಹುದು ಅಂತ. ನೀವು ರಕ್ತನಿಧಿಗೆ ಕೊಡಿ, ಬೇರೆಯವರಿಗೆ ಆಗುತ್ತದೆ.

ಬಳೆ ದಿಢೀರ್ ಬಿಗಿಯಾಯಿತು, ಮುಖ ಊದಿತು, ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಯಿತು ಅಂದರೆ, ಅಥವಾ ರಕ್ತ ಕಂಡರೆ, ಕೂಸಿನ ಒದೆತ ಕಡಿಮೆಯಾದರೆ ಹೊತ್ತು ನೋಡಬೇಡಿ, ಅಮಾವಾಸ್ಯೆ ನೋಡಬೇಡಿ, ಹೊರಡಿ.

4. ಹೆರಿಗೆಯ ದಿನ

ಕುಡಿಯಬೇಡಿ, ಫೋನ್ ಚಾರ್ಜ್ ಇರಲಿ, ಕರೆದಾಗ ಸಿಗುವ ಹಾಗೆ ಬಾಗಿಲ ಹತ್ತಿರ ಇರಿ.

5. ತವರಿನಲ್ಲಿ ಗಂಡ

ಎಲ್ಲರೂ ಎಡವುವುದು ಇಲ್ಲೇ. ನಮ್ಮ ಕಡೆ ಕುಬಸ (ಸೀಮಂತ) ಮಾಡಿ ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸುತ್ತಾರೆ. ಅಲ್ಲಿ ಅಳಿಯ ಅಂದರೆ ಅತಿಥಿ. ಭಾನುವಾರ ಮಧ್ಯಾಹ್ನ ಬರುತ್ತಾನೆ, ಹೋಳಿಗೆ ಉಣ್ಣುತ್ತಾನೆ, ಕೂಸಿನ ಫೋಟೊ ತೆಗೆದು ಸ್ಟೇಟಸ್ ಹಾಕುತ್ತಾನೆ, ಐದರ ಬಸ್ಸಿಗೆ ಹೋಗುತ್ತಾನೆ. ಅವನು ಬಂದ ದಿನ ಆ ಮನೆಯ ಹೆಂಗಸರಿಗೆ ಕೆಲಸ ಇಮ್ಮಡಿ.

ಹಗಲು ಹೋಗಬೇಡಿ. ಸಂಜೆ ಹೋಗಿ, ಎರಡು ರಾತ್ರಿ ಉಳಿಯಿರಿ. ಬಾಣಂತನದಲ್ಲಿ ಜನ ಬೇಕಾಗುವುದು ರಾತ್ರಿಗೇ. ಅತ್ತೆ ಅನ್ನುತ್ತಾರೆ, “ಅಳಿಯಾರ, ನೀವ್ಯಾಕ ಒಳಗ, ಪಡಸಾಲ್ಯಾಗ ಕುಂದರ್ರಿ, ಚಾ ಕಳಸ್ತೀನಿ.” ಹೀಗೆ ಅನ್ನಿ: “ಅತ್ತಿ, ಹದಿನೈದು ದಿನಾತು ನೀವು ಮಕ್ಕೊಂಡಿಲ್ಲ. ಇವತ್ತ ಎರಡರಿಂದ ನನ್ನ ಪಾಳಿ.” ಮೊದಲ ಸಲ ನಗುತ್ತಾರೆ. ಎರಡನೇ ಸಲ ಕೌದಿ ಹೊದ್ದು ಮಲಗುತ್ತಾರೆ.

ಆ ಪಾಳಿಯಲ್ಲಿ ಮಾಡುವುದು ಹೀಗೆ. ಸೋಪಿನಿಂದ ಮೊಳಕೈವರೆಗೆ ಕೈ ತೊಳೆಯಿರಿ, ಬೀಡಿ ಸೇದಿದ ಅಂಗಿ ಬದಲಿಸಿ. ಕೂಸು ಅತ್ತಾಗ ಮೊದಲು ಬಟ್ಟೆ ಮುಟ್ಟಿ ನೋಡಿ, ಒದ್ದೆಯಿದ್ದರೆ ಬದಲಿಸಿ. ಆಮೇಲೆ ಆಕೆಯನ್ನು ಎಬ್ಬಿಸಿ, ಬೆನ್ನಿಗೆ ದಿಂಬು ಕೊಟ್ಟು, ಕೂಸನ್ನು ಎದೆಯ ಮಟ್ಟಕ್ಕೆ ತಂದು ಕೊಡಿ. ಒಂದು ತಂಬಿಗೆ ನೀರು ಕೈಗೆ ಕೊಡಿ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ ಅನ್ನುವ ಮಾತನ್ನು ಇನ್ನಾದರೂ ಬಿಡಿ. ನಮ್ಮ ವೈಶಾಖದ ಬಿಸಿಲಿನಲ್ಲಿ ನೀರಿಲ್ಲದೆ ಮೂತ್ರ ಉರಿ, ಮಲಬದ್ಧತೆ ಹಿಡಿದ ಬಾಣಂತಿಯರನ್ನು ಸಾಕಷ್ಟು ನೋಡಿದ್ದೇನೆ.

ಹಾಲು ಕುಡಿದಾದ ಮೇಲೆ ತೇಗು ಬರಿಸುವುದು ನಿಮ್ಮದು. ಗಂಡಸರ ಅಗಲ ಭುಜ ಇದಕ್ಕೆ ಮಾಡಿಟ್ಟ ಹಾಗಿದೆ. ಹೆಗಲ ಮೇಲೆ ಒಗೆದ ಮೆತ್ತನೆ ಬಟ್ಟೆ ಹಾಕಿ, ಕೂಸಿನ ಗದ್ದ ಅದರ ಮೇಲೆ ಬರುವ ಹಾಗೆ ಎತ್ತಿಕೊಳ್ಳಿ. ಒಂದು ಕೈ ಕುಂಡಿಯ ಕೆಳಗೆ, ಇನ್ನೊಂದು ಕುತ್ತಿಗೆಗೆ. ತಲೆ ನಿಮ್ಮ ಹೆಗಲಿಗೆ ಸರಿಯಾಗಿ ಒರಗಿತು ಅನ್ನಿಸಿದ ಮೇಲೆ ಆ ಕೈಯಿಂದ ಬೆನ್ನನ್ನು ಕೆಳಗಿನಿಂದ ಮೇಲಕ್ಕೆ ಸವರಿ. ದಬದಬ ಬಡಿಯಬೇಡಿ, ಅದು ಎಮ್ಮೆಯ ಬೆನ್ನಲ್ಲ. ಹತ್ತು ನಿಮಿಷ ಕಾಯಿರಿ. ತೇಗು ಬಾರದಿದ್ದರೂ ಗಾಬರಿಯಿಲ್ಲ, ಬೆನ್ನ ಮೇಲೆ ಮಲಗಿಸಿ. ಒಂದು ವಾರ ದಾಟಿದ ಕೂಸು ದಿನಕ್ಕೆ ಆರು ಸಲ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ ಅಂತ ಲೆಕ್ಕ. ಆ ಲೆಕ್ಕ ನೀವಿಡಿ, ಕ್ಯಾಲೆಂಡರ್ ಮೇಲೆ ಗೀಟು ಹಾಕಿದರೂ ಸಾಕು. ಕಡಿಮೆ ತೂಕದ ಕೂಸಾಗಿದ್ದರೆ ಅಂಗಿ ಬಿಚ್ಚಿ ಬರಿಯೆದೆಗೆ ಅವಚಿಕೊಂಡು ಮೇಲೆ ದುಪ್ಪಟಿ ಹೊದೆಯಿರಿ. ಕಾಂಗರೂ ಆರೈಕೆ ಅನ್ನುವುದು ಇದನ್ನೇ, ತಂದೆಯ ಮೈಬಿಸಿಯೂ ನಡೆಯುತ್ತದೆ.

ಅಗ್ಗಿಷ್ಟಿಗೆಯ ಬಗ್ಗೆ ನನ್ನದು ಜಗಳವೇ. ಹೊರಸಿನ ಕೆಳಗೆ ಕೆಂಡ, ಮೇಲೆ ಲೋಬಾನ, ಬಾಗಿಲು ಕಿಟಕಿ ಬಂದ್. ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ತಾಯಿ ಮಗು ಇಬ್ಬರನ್ನೂ ನಿದ್ದೆಯಲ್ಲೇ ಒಯ್ಯಬಲ್ಲದು. ಅಜ್ಜಿಯರ ಜೊತೆ ವಾದ ಬೇಡ. ಹೊಗೆಯಾಡಿಸುವಾಗ ಕೂಸನ್ನು ಎತ್ತಿಕೊಂಡು ಹೊರಗೆ ಬನ್ನಿ, ಮಲಗುವ ಮುಂಚೆ ಕೆಂಡ ಹೊರಗಿಟ್ಟು ಕಿಟಕಿ ತೆರೆಯಿರಿ. ಹಾಗೆಯೇ ಮೂಗು ಕಿವಿಗೆ ಎಣ್ಣೆ ಬೇಡ, ಹೊಕ್ಕಳಬಳ್ಳಿಗೆ ಏನೂ ಬೇಡ, ಒಣಗಿ ತಾನೇ ಬೀಳುತ್ತದೆ.

ಬರುವಾಗ ಜೇನುತುಪ್ಪ, ಘುಟ್ಟಿ, ಗ್ರೈಪ್ ವಾಟರ್, ಹಾಲಿನ ಬಾಟಲಿ, ಪೌಡರ್ ತರಬೇಡಿ. ಆರು ತಿಂಗಳು ತಾಯಿ ಹಾಲು ಬಿಟ್ಟು ಒಂದು ಹನಿ ನೀರೂ ಬೇಡ. ಹಾಲಿನ ಡಬ್ಬಿ, ಬಾಟಲಿಗಳ ಜಾಹೀರಾತನ್ನೇ 1992ರ ಕಾಯ್ದೆ ನಿಷೇಧಿಸಿದೆ. ಅಂಟಿನ ಉಂಡಿ ತನ್ನಿ, ಬೇಡ ಅನ್ನುವವರಿಲ್ಲ. ದಿನಕ್ಕೆ ಒಂದು ಸಾಕು. ಅದನ್ನೇ ಊಟ ಮಾಡಿಸಿ ಪಲ್ಯ, ಬ್ಯಾಳಿ ಬಿಡಿಸುವವರೂ ಇದ್ದಾರೆ, ಅದು ತಪ್ಪು.

ಗೋವಾದಲ್ಲೋ ಪುಣೆಯಲ್ಲೋ ದುಡಿಯುವವರು ರಾತ್ರಿ ಹತ್ತಕ್ಕೆ ವಿಡಿಯೊ ಕಾಲ್ ಮಾಡಿ ಮಲಗಿದ ಕೂಸನ್ನು ಎಬ್ಬಿಸಿ ತೋರಿಸು ಅನ್ನಬೇಡಿ. “ಊಟಾ ಆತೇನ? ನಿದ್ದಿ ಹತ್ತೇತೇನ? ಜ್ವರಾ ಏನರ ಬಂದಾವೇನ?” ಈ ಮೂರು ಕೇಳಿ. ಒಂದು ತಾಸಿನೊಳಗೆ ಪ್ಯಾಡ್ ಪೂರ್ತಿ ತೊಯ್ದರೆ, ಜ್ವರ ಬಂದರೆ, ಕೂಸು ಎದೆ ಕಚ್ಚದಿದ್ದರೆ, ಅದರ ಅಂಗಾಲು ಹಳದಿಯಾದರೆ ಗಾಡಿಗೆ ಫೋನ್ ಹಚ್ಚುವವರು ನೀವೇ, ಗೋವಾದಿಂದಲೇ ಆದರೂ.

ಮೊದಲ ವಾರ ಆಕೆ ಕಾರಣವಿಲ್ಲದೆ ಅತ್ತರೆ ಹತ್ತಿರ ಕೂತಿರಿ, ಸಾಕು. ಎರಡು ವಾರ ದಾಟಿಯೂ ಅಳು ನಿಲ್ಲದಿದ್ದರೆ, “ನಾ ಇರೂದ ಬ್ಯಾಡಾಗೇತಿ” ಅಂದರೆ, ಇಲ್ಲದ ದನಿ ಕೇಳಿಸುತ್ತದೆ ಅಂದರೆ ಗಾಳಿ ಸೋಂಕು ಅಂತ ದೇವರು ಕೇಳಲು ಒಯ್ಯಬೇಡಿ. ಬಾಣಂತಿ ಸನ್ನಿಗೆ ಔಷಧ ಇದೆ, ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

6. ಮನೆಗೆ ಕರೆತರುವ ಮುಂಚೆ

ಜನನ ನೋಂದಣಿ 21 ದಿನದೊಳಗೆ. ಆರನೇ ವಾರದ ಚುಚ್ಚುಮದ್ದು ತವರೂರಲ್ಲೇ ಹಾಕಿಸಿ, ಕಾರ್ಡ್ ಮರೆಯದೆ ತನ್ನಿ. ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ. ರಜೆಯ ನಿಯಮ ಒಪ್ಪಿದರೆ ಅದನ್ನು ಹೆರಿಗೆಯ ಮೊದಲ ವಾರದಲ್ಲಿ, ಮನೆ ತುಂಬ ಜನ ಇರುವಾಗ ಖರ್ಚು ಮಾಡಬೇಡಿ. ಅರ್ಧವಾದರೂ ಆಕೆ ನಿಮ್ಮ ಮನೆಗೆ ಬಂದ ಮೊದಲ ವಾರಕ್ಕೆ ಉಳಿಯಲಿ, ಆಗ ಆಕೆಗೆ ಅವ್ವನೂ ಇಲ್ಲ, ನಿದ್ದೆಯೂ ಇಲ್ಲ. ಇನ್ನೊಂದು ಕೂಸಿಗೆ ಮೂರು ವರ್ಷ ಅಂತರ ಬೇಕು. ಅದರ ಮಾತನ್ನು ನರ್ಸ್ ಹತ್ತಿರ ಆಡಲು ಆಕೆಯೊಬ್ಬಳನ್ನೇ ಕಳಿಸಬೇಡಿ.

ತೊಟ್ಟಿಲು ಕಟ್ಟುವ ಜಂತಿಯ ಕೊಂಡಿ ಹಳೆಯದಾಗಿದ್ದರೆ ಬದಲಿಸಿ. ಹೊಸದಕ್ಕೂ ಅರ್ಧ ಚೀಲ ಜೋಳ ಕಟ್ಟಿ ಒಂದು ರಾತ್ರಿ ತೂಗಬಿಡಿ. ಬೆಳಗ್ಗೆ ಕೊಂಡಿ ಕದಲದೆ ಇದ್ದರೆ ಕರಕೊಂಡು ಬರಲು ಹೊರಡಿ.