ಆಲಿವ್ ಎಣ್ಣೆಯ ಸಾಬೂನಿಗೆ ಲೋಟದ ಅಳತೆ ಸಾಲದು

ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಮೂವತ್ತು ವರ್ಷ ತಕ್ಕಡಿಯ ಮುಂದೆ ಕುಳಿತವನು ನಾನು. 15 ಲೀಟರಿನ ಡಬ್ಬಕ್ಕೂ 15 ಕಿಲೋ ಡಬ್ಬಕ್ಕೂ ಇರುವ ವ್ಯತ್ಯಾಸದ ಮೇಲೆ ಎಷ್ಟು ಜಗಳ ಬಿಡಿಸಿದ್ದೇನೋ ಲೆಕ್ಕವಿಲ್ಲ. ಈಗ ಆ ಜಗಳ ಮನೆಯೊಳಕ್ಕೇ ಬಂದಿದೆ. ಸೊಸೆ ಆಲಿವ್ ಎಣ್ಣೆಯ ಡಬ್ಬ ತಂದಿಟ್ಟು, “ಮಾವ, ಒಂದು ಲೀಟರ್ ಇದೆ, ಒಂದು ಕಿಲೋ ಎಣ್ಣೆಯ ಸಾಬೂನಿನ ಲೆಕ್ಕ ಹೇಳಿ” ಎಂದಳು. ಒಂದು ಲೀಟರ್ ಆಲಿವ್ ಎಣ್ಣೆ ತೂಗಿದರೆ ಸುಮಾರು 915 ಗ್ರಾಂ. ಎಣ್ಣೆಯನ್ನು ಸಾಬೂನಾಗಿಸುವುದು ಕಾಸ್ಟಿಕ್ ಸೋಡಾ; ಇಲ್ಲದ ಎಣ್ಣೆಯ ಪಾಲಿಗೆಂದು ಹಾಕಿದ ಸೋಡಾ ಸುಮ್ಮನಿರುವುದಿಲ್ಲ, ಸಾಬೂನಿನಲ್ಲೇ ಉಳಿದು ಮೈ ಉರಿಸುತ್ತದೆ. ಉಪ್ಪಿಟ್ಟಿಗೆ ಕೈಯಂದಾಜು ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ. ಒಂದೊಂದು ಗ್ರಾಂ ತೋರಿಸುವ ತಕ್ಕಡಿ ಮನೆಯಲ್ಲಿಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಲೆಕ್ಕ ಹೀಗಿದೆ. 500 ಗ್ರಾಂ ಆಲಿವ್ ಎಣ್ಣೆಗೆ 64 ಗ್ರಾಂ ಕಾಸ್ಟಿಕ್ ಸೋಡಾ, 130 ಗ್ರಾಂ ನೀರು. ನೀರನ್ನೂ ತೂಗಿಯೇ ಹಾಕಿ. ಇದರಲ್ಲಿ ನೂರಕ್ಕೆ ಐದರಷ್ಟು ಎಣ್ಣೆ ಸಾಬೂನಾಗದೆ ಉಳಿಯುತ್ತದೆ. ಬೇಕೆಂದೇ ಬಿಟ್ಟ ಪಾಲು ಅದು, ಚರ್ಮ ಒಣಗದಂತೆ ಕಾಯುತ್ತದೆ. ಆದರೆ ಬರೀ ಆಲಿವ್ ಎಣ್ಣೆಯ ಸಾಬೂನು ನೊರೆಯಲ್ಲಿ ಜಿಪುಣ, ನಮ್ಮ ಕೊಳವೆಬಾವಿಯ ಗಡಸು ನೀರಿನಲ್ಲಂತೂ ಇನ್ನೂ ಜಿಪುಣ. ಹಾಗಾಗಿ ನಮ್ಮ ಮನೆಗೆ ನಾನು 400 ಗ್ರಾಂ ಆಲಿವ್, 100 ಗ್ರಾಂ ಕೊಬ್ಬರಿ ಎಣ್ಣೆ ಹಾಕುತ್ತೇನೆ. ಆಗ ಸೋಡಾ 68 ಗ್ರಾಂ, ನೀರು 136 ಗ್ರಾಂ. ಕೊಬ್ಬರಿ ಎಣ್ಣೆ ಹೆಚ್ಚು ಸೋಡಾ ಬೇಡುತ್ತದೆ. ಎಣ್ಣೆ ಬದಲಾದಂತೆ ಲೆಕ್ಕವೂ ಬದಲಾಗುತ್ತದೆ. ಔಷಧಿ ಅಂಗಡಿಯ ಪುಟ್ಟ ಸೀಸೆಯ ಎಣ್ಣೆಗೆ ದುಡ್ಡು ಸುರಿಯಬೇಡಿ, ಪೊಮೇಸ್, ಅಂದರೆ ಆಲಿವ್ ಹಿಂಡಿಯಿಂದ ತೆಗೆದ ಎಣ್ಣೆ, ಎಂದು ಬರೆದಿರುವ ಅಗ್ಗದ ಡಬ್ಬ ಸಾಕು. ಸೋಡಾ ಸೇರಿಸಿ ಕಲಕುವಾಗ ಅದು ಬೇಗ ಗಟ್ಟಿಯೂ ಆಗುತ್ತದೆ. ಕನಟು ವಾಸನೆ ಬಂದ ಎಣ್ಣೆ ಮಾತ್ರ ಬೇಡ.

ನಲ್ಲಿಯ ನೀರನ್ನೂ ಬಳಸಬೇಡಿ. ಅದರಲ್ಲಿನ ಸುಣ್ಣದ ಅಂಶ ಸಾಬೂನನ್ನು ಕೆಡಿಸುತ್ತದೆ. ನಮ್ಮ ಬಚ್ಚಲ ಬಕೆಟ್ಟಿನ ಬಿಳಿ ಗೆರೆ ನೋಡಿದರೆ ಗೊತ್ತಾಗುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಒಳ್ಳೆಯದು. ಆದರೆ ಅದೇ ಅಂಗಡಿಯಲ್ಲಿ ಅಂಥದ್ದೇ ಕ್ಯಾನಿನಲ್ಲಿ ಬ್ಯಾಟರಿ ಆಸಿಡ್ಡೂ ಇರುತ್ತದೆ. ಎರಡೆರಡು ಸಲ ಓದಿ ತನ್ನಿ. ಆಸಿಡ್ಡಿಗೆ ಸೋಡಾ ಬಿದ್ದರೆ ಸಿಡಿದು ಮುಖಕ್ಕೆ ಹಾರುತ್ತದೆ. ಸೋಡಾ ಕೊಳ್ಳುವಾಗಲೂ ಹೀಗೆಯೇ: ಅಡುಗೆ ಸೋಡಾ, ಬಟ್ಟೆ ಒಗೆಯುವ ಸೋಡಾ ಯಾವುದೂ ಇದಕ್ಕೆ ಆಗದು.

ಪಾತ್ರೆ ಸ್ಟೀಲಿನದೇ ಆಗಬೇಕು. ಮೊದಲ ಸಲ ನಾನು ನಮ್ಮ ಮನೆಯವರ ಅಲ್ಯೂಮಿನಿಯಂ ಬೋಗುಣಿಯಲ್ಲಿ ಸೋಡಾ ಕಲಸಿದ್ದೆ. ನೋಡನೋಡುತ್ತಿದ್ದಂತೆ ಭುಸ್ಸೆಂದು ಉಕ್ಕಿತು, ತಳ ಕಪ್ಪಿಟ್ಟು ತೆಳುವಾಯಿತು. ಆಗ ಏಳುವ ಗಾಳಿ ಹೈಡ್ರೋಜನ್, ಬೆಂಕಿ ಹತ್ತುವಂಥದ್ದು. ಪಕ್ಕದಲ್ಲಿ ಒಲೆ ಉರಿಯುತ್ತಿರಲಿಲ್ಲ ಎನ್ನುವುದಷ್ಟೇ ನನ್ನ ಪುಣ್ಯ. ಬೋಗುಣಿಯ ಮಾತು ಇಂದಿಗೂ ಊಟದ ಹೊತ್ತಿನಲ್ಲಿ ಬರುತ್ತದೆ.

ಕನ್ನಡಕ, ರಬ್ಬರ್ ಕೈಗವಸು, ತುಂಬು ತೋಳಿನ ಅಂಗಿ ಹಾಕಿಕೊಂಡು ಹಿತ್ತಿಲಲ್ಲಿ ಕೂರಿ. ಮಕ್ಕಳು, ನಾಯಿ ಹತ್ತಿರ ಸುಳಿಯಬಾರದು. ನಮ್ಮ ಕಡೆಯ ಗಾಳಿ ಸೋಡಾದ ಪುಡಿಯನ್ನು ಕಣ್ಣಿಗೆ ತರುತ್ತದೆ, ಗಾಳಿಗೆ ಬೆನ್ನು ಕೊಟ್ಟು ಕುಳಿತುಕೊಳ್ಳಿ. ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಲೇಬಾರದು. ಬೆಂಕಿಯಿಲ್ಲದೆಯೇ ನೀರು ಸುಡುವಷ್ಟು ಕಾಯುತ್ತದೆ, ಘಾಟೂ ಏಳುತ್ತದೆ. ಮೈಮೇಲೆ ಸಿಡಿದರೆ ವಿನಿಗರ್, ನಿಂಬೆಹಣ್ಣು ಎಂದು ಹುಡುಕುತ್ತಾ ಕೂರದೆ ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆಯಿರಿ. ಕಣ್ಣಿಗೆ ಬಿದ್ದರೆ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.

ಸೋಡಾ ನೀರೂ ಎಣ್ಣೆಯೂ ಉಗುರುಬೆಚ್ಚಗಾದ ಮೇಲೆ ನೀರನ್ನು ಎಣ್ಣೆಗೆ ಎರೆದು ಕಲಕಿ. ಬರೀ ಆಲಿವ್ ಎಣ್ಣೆಯನ್ನು ಚಮಚದಲ್ಲಿ ತಿರುವುತ್ತಾ ಕುಳಿತರೆ ತೋಳು ಸೋಲುತ್ತದೆ, ಹದ ಬರುವುದಿಲ್ಲ. ಕೈ ಬ್ಲೆಂಡರನ್ನು ಬಿಟ್ಟುಬಿಟ್ಟು ಓಡಿಸಿದರೆ ಕೆಲಸ ಬೇಗ ಆಗುತ್ತದೆ. ಅದರ ಕಾಲು ಸ್ಟೀಲಿನದಾಗಿರಲಿ, ಆಮೇಲೆ ಅದು ಅಡುಗೆಮನೆಗೆ ಹಿಂದಿರುಗದಿರಲಿ. ತೆಳು ದೋಸೆ ಹಿಟ್ಟಿನಂತಾಗಿ, ಚಮಚದಿಂದ ಇಳಿಬಿಟ್ಟ ಗೆರೆ ಮೇಲೆಯೇ ನಿಂತರೆ ಹದ ಬಂತು. ಬೆಣ್ಣೆಕಾಗದ ಹಾಸಿದ ಐಸ್‌ಕ್ರೀಂ ಡಬ್ಬಕ್ಕೆ ಸುರಿದು ಹಳೆಯ ಟವೆಲ್ ಸುತ್ತಿಡಿ.

ಬಣ್ಣಕ್ಕೆಂದು ಸೊಸೆ ಒಂದು ಚಿಟಿಕೆ ಅರಿಶಿನ ಹಾಕಿದಳು. ಹಳದಿಯಾಗುತ್ತದೆ ಎಂದುಕೊಂಡಿದ್ದಳು, ಕೆಂಪಗಾಯಿತು. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿ ನೀರು ಮಾಡುವ ಮನೆಯ ಹುಡುಗಿ ಬೆರಗಾಗಿದ್ದು ನೋಡಿ ನನಗೆ ನಗು.

ಎರಡು ಮೂರು ದಿನದಲ್ಲಿ ಬಿಲ್ಲೆ ಕತ್ತರಿಸಬಹುದು, ಕೈಗವಸು ಹಾಕಿಕೊಂಡೇ. ಬಿದಿರಿನ ಮೊರದಲ್ಲಿ ಹತ್ತಿ ಬಟ್ಟೆ ಹಾಸಿ, ಒಂದಕ್ಕೊಂದು ತಾಗದಂತೆ ನೆರಳಲ್ಲಿಡಿ, ವಾರಕ್ಕೊಮ್ಮೆ ಮಗುಚಿ. ಕೊಬ್ಬರಿ ಎಣ್ಣೆ ಸೇರಿದ್ದು ಆರು ವಾರಕ್ಕೆ ಸ್ನಾನಕ್ಕೆ ಬರುತ್ತದೆ. ಬರೀ ಆಲಿವ್‌ನದು ಆರು ತಿಂಗಳಾದರೂ ಆರಬೇಕು. ಅವಸರಕ್ಕೆ ತೆಗೆದರೆ ಕೈಯಲ್ಲಿ ಲೋಳೆ ಲೋಳೆಯಾಗಿ ಜಾರುತ್ತದೆ, ವಾರದೊಳಗೆ ಕರಗಿಹೋಗುತ್ತದೆ. ದೀಪಾವಳಿ ಕಳೆದ ಮೇಲೆ ಬೀಸುವ ನಮ್ಮ ಒಣಗಾಳಿ ಇದಕ್ಕೆ ಹೇಳಿಮಾಡಿಸಿದ್ದು. ಮಾಡಿದ ತಾರೀಖು ಬರೆದ ಚೀಟಿಯನ್ನು ಮೊರಕ್ಕೆ ಸಿಕ್ಕಿಸಿಡಿ. ತಲೆಗೆ ಮಾತ್ರ ಇದನ್ನು ಹಚ್ಚಬೇಡಿ, ಗಡಸು ನೀರಿನಲ್ಲಿ ಕೂದಲು ಅಂಟಂಟಾಗುತ್ತದೆ. ಅದಕ್ಕೆ ಸೀಗೆಪುಡಿಯೇ ಸರಿ.