ಕಾನೂನಿನ ಗಂಟೆಗಳ ಕೊರತೆಯನ್ನು ತುಂಬಿಕೊಂಡ ಬಗೆ

ಕ್ಯಾಲಿಫೋರ್ನಿಯಾದಲ್ಲಿ ಕೃಷಿ ಕೀಟ ನಿಯಂತ್ರಣ ಸಲಹೆಗಾರರ ಪರವಾನಗಿಯನ್ನು ನವೀಕರಿಸಲು ಎರಡು ವರ್ಷಗಳ ಅವಧಿಯಲ್ಲಿ 40 ಗಂಟೆಗಳ ನಿರಂತರ ಶಿಕ್ಷಣ (ವೃತ್ತಿಯಲ್ಲಿದ್ದುಕೊಂಡೇ ಪಡೆಯುವ ತರಬೇತಿ) ಬೇಕು. ಅದರಲ್ಲಿ ಕನಿಷ್ಠ 4 ಗಂಟೆ ಕೀಟನಾಶಕ ಕಾನೂನು ಮತ್ತು ನಿಯಮಗಳಿಗೇ ಮೀಸಲು. ಬಾದಾಮಿ ತೋಟಗಳ ಕೀಟಗಳ ಕುರಿತ ಸಭೆಗಳಿಗೆ ಉತ್ಸಾಹದಿಂದ ಹೋಗುತ್ತಿದ್ದ ನಾನು, ನವೆಂಬರ್ ತಿಂಗಳಲ್ಲಿ ಪ್ರಮಾಣಪತ್ರಗಳನ್ನು ಹರಡಿಕೊಂಡು ಲೆಕ್ಕ ಹಾಕಿದಾಗ ಒಟ್ಟು 43 ಗಂಟೆಗಳಿದ್ದರೂ ಕಾನೂನಿನ ಪಾಲು ಎರಡೂವರೆ ಗಂಟೆ ಮಾತ್ರವಿತ್ತು. ಒಟ್ಟು ಮೊತ್ತವನ್ನಷ್ಟೇ ನೋಡುತ್ತಿದ್ದದ್ದು ನನ್ನದೇ ತಪ್ಪು. ರಾಜ್ಯದ ಕೀಟನಾಶಕ ನಿಯಂತ್ರಣ ಇಲಾಖೆಯ ಜಾಲತಾಣದಲ್ಲಿರುವ ಅನುಮೋದಿತ ತರಗತಿಗಳ ಪಟ್ಟಿಯಿಂದ, ಕಾನೂನು ವಿಭಾಗದಲ್ಲಿ ಎರಡು ಗಂಟೆ ನೀಡುವ ಆನ್‌ಲೈನ್ ತರಗತಿಯೊಂದನ್ನು ಆರಿಸಿ ಮುಗಿಸಿ, ಡಿಸೆಂಬರ್ 31ಕ್ಕೆ ಮೊದಲೇ ಅರ್ಜಿ ಸಲ್ಲಿಸಿದೆ. ಈಗ ನನ್ನ ಲೆಕ್ಕದ ಹಾಳೆಯಲ್ಲಿ ಕಾನೂನಿಗೆ ಪ್ರತ್ಯೇಕ ಕಾಲಂ ಇದೆ.